ರದ್ದಾದ ಕಾಯ್ದೆ ರದ್ದಿಯಲ್ಲ

ಚಿಕ್ಕಬಳ್ಳಾಪುರಕ್ಕೆ ಕಡಲಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣವಂತೂ ಪಕ್ಕದಲ್ಲೇ ಇದೆ. ಏನೇ ಇರಲಿ, ವಿಮಾನ, ಹಡಗುಗಳ ಭದ್ರತೆಯ ಕಾಯ್ದೆಗಳನ್ನು ಇಲ್ಲಿನ ಕಿರಿಯ ವಕೀಲರೂ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತವರೂ ಆಗಾಗ ತೆರೆಯುತ್ತಾರೆ. ಹೊಸ ಕಾಯ್ದೆ ಬಂದಾಗ ಹಳೆಯ ಪುಸ್ತಕವನ್ನು ಅವರು ತಪ್ಪುತಪ್ಪಾಗಿ ತಿದ್ದಿಕೊಳ್ಳುವ ಪರಿ ನೋಡಿ ನೋಡಿ ಸಾಕಾಗಿದೆ. ಸರಿಯಾದ ಕ್ರಮ ಹೀಗೆ.

ಮೊದಲು ಕಾಯ್ದೆಗಳ ಸರ್ಕಾರಿ ಜಾಲತಾಣವಾದ ಇಂಡಿಯಾ ಕೋಡ್‌ನಿಂದ ಕಾಯ್ದೆಯನ್ನೂ ಕೇಂದ್ರದ ಇ-ಗೆಜೆಟ್‌ನಿಂದ (ಆನ್‌ಲೈನ್ ರಾಜಪತ್ರ) ಅದನ್ನು ಜಾರಿಗೆ ತಂದ ಅಧಿಸೂಚನೆಯನ್ನೂ ಇಳಿಸಿಕೊಳ್ಳಿ. ಹೊಸ ರಕ್ಷಾಪುಟ ಹೊದಿಸಿ ಹಳೆಯ ಪಾಠವನ್ನೇ ಮಾರುವ ಗೈಡುಗಳಿಗೆ ದುಡ್ಡು ಸುರಿಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ತೇಲಿಬರುವ ಪಿಡಿಎಫ್ ಎಷ್ಟೋ ಸಲ ಬರೀ ಮಸೂದೆ.

ಎರಡನೆಯದು ದಿನಾಂಕ. ಹೆಸರಿನಲ್ಲಿರುವ ಇಸವಿಯನ್ನು ನಂಬಬಾರದು. ವಿಮಾನ ಅಪಹರಣ ತಡೆ ಕಾಯ್ದೆ 2016ರದು. ಜಾರಿಯಾದದ್ದು 2017ರ ಜುಲೈ 5ರಂದು. ಕಡಲ್ಗಳ್ಳತನ ತಡೆ ಕಾಯ್ದೆಯ ಹೆಸರಿನಲ್ಲಿ 2022 ಇದ್ದರೂ ಅದು ಜಾರಿಗೆ ಬಂದದ್ದು 2023ರ ಫೆಬ್ರವರಿಯಲ್ಲಿ. ಮುಖಪುಟದಲ್ಲಿ ರಾಷ್ಟ್ರಪತಿಯ ಅಂಕಿತದ ದಿನ, ಜಾರಿಯ ದಿನ ಎರಡನ್ನೂ ಬರೆದಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನು ಹಿಡಿದವರೆಲ್ಲ ಪಶ್ಚಾತ್ತಾಪಪಟ್ಟಿದ್ದಾರೆ.

ಆಮೇಲೆ ವ್ಯಾಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1982ರ ಅಪಹರಣ ತಡೆ ಕಾಯ್ದೆ ನೋಡುತ್ತಿದ್ದದ್ದು 'ಹಾರಾಟದಲ್ಲಿರುವ' ವಿಮಾನವನ್ನು, ಅಂದರೆ ಬಾಗಿಲು ಮುಚ್ಚಿದಲ್ಲಿಂದ ಇಳಿಯಲು ತೆರೆಯುವವರೆಗೆ. ಅದರ ಬದಲಿಗೆ ಬಂದ 2016ರದು 'ಸೇವೆಯಲ್ಲಿರುವ' ವಿಮಾನ ಎನ್ನುತ್ತದೆ: ಹಾರಾಟಕ್ಕೆ ಸಿದ್ಧಪಡಿಸುವುದು ಶುರುವಾದಾಗಿನಿಂದ ಇಳಿದು 24 ಗಂಟೆ ಕಳೆಯುವವರೆಗೆ.

ಬಹುತೇಕರು ಎಡವುವುದು ಕೊನೆಯ ಹಂತದಲ್ಲಿ, 'ನಿರಸನ ಮತ್ತು ಉಳಿಸುವಿಕೆ' ಎಂಬ ಸೆಕ್ಷನ್‌ನಲ್ಲಿ, ಅಂದರೆ ಯಾವುದು ರದ್ದು, ಯಾವುದು ಉಳಿಯಿತು ಎಂದು ಹೇಳುವಲ್ಲಿ. 1934ರ ವಿಮಾನ ಕಾಯ್ದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ, 2024 ಬಂತು. ನನ್ನ ಕಿರಿಯರೊಬ್ಬರು ಹಳೆಯ ಕಾಯ್ದೆಯ ಮೇಲೆ ಕೆಂಪು ಗೀಟು ಎಳೆದರು. ಅದೇ ಉತ್ಸಾಹದಲ್ಲಿ 2023ರ ವಿಮಾನ ಭದ್ರತಾ ನಿಯಮಗಳ ಮೇಲೂ ಎಳೆದರು. ಅವು 1934ರ ಕಾಯ್ದೆಯಡಿ ಹುಟ್ಟಿದವಲ್ಲವೇ ಎಂಬ ತರ್ಕ. ತಾಯಿ ಹೋದ ಮಾತ್ರಕ್ಕೆ ಮಕ್ಕಳು ಹೋಗುವುದಿಲ್ಲ. ಹೊಸ ಕಾಯ್ದೆಗೆ ವಿರುದ್ಧವಾಗದ ನಿಯಮ, ಆದೇಶಗಳನ್ನು ಉಳಿಸುವಿಕೆಯ ಮಾತು ಕಾಪಾಡುತ್ತದೆ. ಇದಕ್ಕೆ, ಕೇಂದ್ರದ ಕಾಯ್ದೆಗಳನ್ನು ಅರ್ಥೈಸಲು ನೆರವಾಗುವ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 24ನೇ ಸೆಕ್ಷನ್ನಿನ ಬೆಂಬಲವೂ ಇದೆ. ಅದೇ ಕಾಯ್ದೆಯ 6ನೇ ಸೆಕ್ಷನ್ ಹಳೆಯ ಪ್ರಕರಣಗಳನ್ನು ನೋಡಿಕೊಳ್ಳುತ್ತದೆ. 2017ರ ಜೂನ್‌ನಲ್ಲಿ ಒಂದು ವಿಮಾನ ಅಪಹರಣ ನಡೆದಿತ್ತು ಎಂದುಕೊಳ್ಳಿ, ಅದಕ್ಕೆ 1982ರ ಕಾಯ್ದೆಯೇ ಅನ್ವಯ; ಹೊಸ ಕಾಯ್ದೆಯ ಮರಣದಂಡನೆಯನ್ನು ಹಿಂದಿನ ಕೃತ್ಯಕ್ಕೆ ಹೇರಲು ಸಂವಿಧಾನದ 20(1)ನೇ ವಿಧಿ ಬಿಡುವುದಿಲ್ಲ. ಆದ್ದರಿಂದ ರದ್ದಾದ ಕಾಯ್ದೆಯ ಪುಸ್ತಕವನ್ನು ರದ್ದಿಯವನಿಗೆ ಕೊಡಬೇಡಿ.

ಹೆಸರುಗಳಲ್ಲೂ ಒಂದು ಬಲೆಯಿದೆ. 1982ರಲ್ಲೇ ನಾಗರಿಕ ವಿಮಾನಯಾನದ ಸುರಕ್ಷತೆಗೆ ವಿರುದ್ಧವಾದ ಕೃತ್ಯಗಳ ದಮನಕ್ಕೆಂದು, 1971ರ ಮಾಂಟ್ರಿಯಲ್ ಒಪ್ಪಂದವನ್ನು ಅನುಸರಿಸಿ, ಇನ್ನೊಂದು ಕಾಯ್ದೆ ಆಯಿತು. 2016ರ ಕಾಯ್ದೆ ಅದನ್ನು ಮುಟ್ಟಲಿಲ್ಲ. ಹಡಗು ಸಂಚಾರದ ಸುರಕ್ಷತೆಗಾಗಿ 2002ರಲ್ಲಿ ಆದ ಕಾಯ್ದೆಯನ್ನೂ ಕಡಲ್ಗಳ್ಳತನದ ಕಾಯ್ದೆ ತೆಗೆದುಹಾಕಲಿಲ್ಲ. ಹೊಡೆದುಹಾಕುವ ಮುನ್ನ ಪೂರ್ತಿ ಹೆಸರು, ಕಾಯ್ದೆಯ ಸಂಖ್ಯೆ ಎರಡನ್ನೂ ತಾಳೆ ನೋಡಿ.

ಕೈ ಪಳಗಿಸಿಕೊಳ್ಳಲು ವ್ಯಾಪಾರಿ ಹಡಗು ಕಾಯ್ದೆ ಒಳ್ಳೆಯದು. 1958ರದಕ್ಕೆ ಬದಲಾಗಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿತು. ಮೊದಲ ಸೆಕ್ಷನ್ ಓದಿ, ನೇರವಾಗಿ ನಿರಸನದ ಸೆಕ್ಷನ್‌ಗೆ ಹೋಗಿ. ನಡುವಿನದನ್ನು ಮರುದಿನ ಓದಿದರೂ ನಡೆಯುತ್ತದೆ.