ದನದ ಡಾಕ್ಟರೇ ನಮ್ಮ ಮೋತಿಗೆ ಡಾಕ್ಟರು

ಕೊಪ್ಪಳದಲ್ಲಿ ಪಶು ಆಸ್ಪತ್ರೆ ಅಂದರೆ ಎಮ್ಮೆ, ಆಕಳು, ಕುರಿ, ಆಡು. ಬೆಳಿಗ್ಗೆ ಹೋದರೆ ಟಂಟಂನಲ್ಲಿ ಆಡು ಹೇರಿಕೊಂಡು ಬಂದವರೇ ಜಾಸ್ತಿ. ನಾಯಿ ಹಿಡಿದು ನಿಂತವರು ಅಲ್ಲೊಬ್ಬರು ಇಲ್ಲೊಬ್ಬರು. ಹಾಗಾಗಿ ಮೋತಿ ಮರಿಯಾಗಿ ನಮ್ಮನೆಗೆ ಬಂದಾಗ ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: "ಸರ್ಕಾರಿ ದವಾಖಾನಿ ಬ್ಯಾಡ್ರಿ, ಅವ್ರು ದನದ ಡಾಕ್ಟ್ರು. ನಾಯಿಗೆ ಬ್ಯಾರೆ ಇರ್ತಾರ." ನಾನು ಆರಿಸಿಕೊಂಡಿದ್ದು ಆ ದನದ ಡಾಕ್ಟರನ್ನೇ.

ಮೊದಲು ಒಂದು ವಿಷಯ. ಬಿ.ವಿ.ಎಸ್‌ಸಿ., ಅಂದರೆ ಪಶುವೈದ್ಯರ ಪದವಿ, ಮುಗಿಸಿದ ಯಾರೇ ಆಗಲಿ ದನ, ಕುರಿ, ಕೋಳಿ, ನಾಯಿ ಎಲ್ಲದರ ಬಗ್ಗೆಯೂ ಓದಿಯೇ ಪಾಸಾಗಿರುತ್ತಾರೆ. ಆಮೇಲೆ ರಾಜ್ಯದ ಪಶುವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. 1984ರ ಕಾಯ್ದೆ ಇದಕ್ಕಾಗಿಯೇ ಇದೆ. ನಮ್ಮ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟ್ರೇ, ಅದೇ ತೊಂದರೆ. ಬೈಕಿನ ಡಿಕ್ಕಿಯಲ್ಲಿ ಸಿರಿಂಜ್ ಇಟ್ಟುಕೊಂಡು ತಿರುಗುವವರೂ ಡಾಕ್ಟ್ರು. ಆದ್ದರಿಂದ ಮೋತಿಯ ಲಸಿಕೆ ಪುಸ್ತಕ ಮುಂದಿಟ್ಟು "ಸರ್, ನಿಮ್ಮ ನೋಂದಣಿ ನಂಬರ್ ಪುಸ್ತಕದಲ್ಲಿ ಬರೆದು ಸಹಿ ಹಾಕ್ತೀರಾ" ಅಂತ ನಾನು ಕೇಳಿಬಿಡುತ್ತೇನೆ. ನಿಜವಾದ ಡಾಕ್ಟರು ಸೀಲು ಒತ್ತಿ ಕೊಡುತ್ತಾರೆ. ಅದರಲ್ಲಿ ಸಂಕೋಚ ಏನೂ ಇಲ್ಲ.

ಪಕ್ಕದ ಊರಿನಲ್ಲಿ ನಾಯಿಗಳಿಗೇ ಅಂತ ಒಂದು ಕ್ಲಿನಿಕ್ ಇದೆ. ಏಸಿ, ಗಾಜಿನ ಬಾಗಿಲು, ಕೌಂಟರ್ ಮೇಲೆ ಬಿಸ್ಕತ್ತಿನ ಡಬ್ಬಿ. ಮೋತಿಯನ್ನು ಕರೆದುಕೊಂಡು ಹೋಗಿದ್ದೆ. ಮೇಜಿನ ಮೇಲೆ ನಿಲ್ಲಿಸಿದೆ, ಎರಡು ಪ್ರಶ್ನೆ ಕೇಳಿದರು, ಸೂಜಿ ಚುಚ್ಚಿದರು, ಬಿಲ್ಲು ಕೊಟ್ಟರು. ನಾಯಿಯ ಬಾಯಿ ತೆರೆದು ನೋಡಲಿಲ್ಲ, ತೂಕ ಹಾಕಲಿಲ್ಲ. ಪುಸ್ತಕದಲ್ಲಿ "ಇಂಜೆಕ್ಷನ್ ಕೊಟ್ಟಿದೆ" ಅಂತ ಬರೆದಿತ್ತು. ಯಾವ ಇಂಜೆಕ್ಷನ್? ಅದಿಲ್ಲ.

ನಮ್ಮ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಮೇಡಂ ಹತ್ತಿರ ಮೊದಲು ಹೋಗಿದ್ದು ಒಬ್ಬನೇ, ನಾಯಿ ಇಲ್ಲದೆ. ಸುಮ್ನೆ ಒಂದು ಮೂಲೆಯಲ್ಲಿ ನಿಂತು ನೋಡಿದೆ. ಯಾರೋ ಹಿರಿಯರು ನಾಯಿಮರಿಗೆ ಹಾಕಿಸಲು ಪಾರ್ವೋ, ಡಿಸ್ಟೆಂಪರ್ ಅನ್ನುವ ರೋಗಗಳ ಲಸಿಕೆ ಮೆಡಿಕಲ್ ಶಾಪಿನಿಂದ ತಂದಿದ್ದರು. ಅಂಗಿಯ ಜೇಬಿನಿಂದ ವಯಲ್ ತೆಗೆದುಕೊಟ್ಟರು. ಏಪ್ರಿಲ್ ತಿಂಗಳು, ನಮ್ಮೂರಿನ ಬಿಸಿಲು. ಮೇಡಂ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟರು. "ಯಜಮಾನ್ರ, ಇದು ಬಿಸಿ ಆಗೇತ್ರಿ. ಇದನ್ನ ಹಾಕೋದೂ ಒಂದ, ನೀರು ಹಾಕೋದೂ ಒಂದ. ಥರ್ಮಾಸಿನ್ಯಾಗ ಐಸ್ ಹಾಕ್ಕೊಂಡು ಬ್ಯಾರೆ ತರ್ರಿ." ಹಿರಿಯರು ಗೊಣಗಿದರು. ದುಡ್ಡು ಹೋಯಿತಲ್ಲ, ಅವರದೂ ತಪ್ಪಲ್ಲ. ಆದರೆ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಕೆಟ್ಟ ಲಸಿಕೆ ಹಾಕಿ ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ? ಅಲ್ಲೇ ನನ್ನ ಮನಸ್ಸು ಮುಕ್ಕಾಲು ಪಾಲು ಗಟ್ಟಿಯಾಯಿತು.

ಉಳಿದ ಕಾಲು ಪಾಲು ಮೋತಿಯನ್ನು ಕರೆದೊಯ್ದ ದಿನ. ಮೇಡಂ ಮೊದಲು ಕೈ ಮೂಸಲು ಬಿಟ್ಟರು. ಆಮೇಲೆ ಹೆಬ್ಬೆರಳಿನಿಂದ ತುಟಿ ಎತ್ತಿ ವಸಡನ್ನು ಒತ್ತಿ ಬಿಟ್ಟರು. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ದವಡೆಯ ಕೆಳಗೆ, ಹಿಂಗಾಲಿನ ಮಂಡಿಯ ಹಿಂದೆ ಗಂಟು ಊದಿದೆಯಾ ಅಂತ ಹಿಸುಕಿ ನೋಡಿದರು. ಕಿವಿ ಮಗುಚಿದರು, ಕಾಲ್ಬೆರಳಿನ ಸಂದಿ ಬಿಡಿಸಿದರು. ಉಣ್ಣಿ ಅಡಗುವುದು ಅಲ್ಲೇ. ನಾಯಿ ತೂಗುವ ಯಂತ್ರ ಅಲ್ಲಿರಲಿಲ್ಲ. ನನ್ನನ್ನೇ ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಒಮ್ಮೆ ಮೋತಿಯನ್ನು ಎತ್ತಿಕೊಂಡು, ಒಮ್ಮೆ ಬರಿಗೈಯಲ್ಲಿ. ಕಳೆದರೆ ಮೋತಿಯ ತೂಕ. ಔಷಧಿ ಲೆಕ್ಕ ಹಾಕುವುದು ಕಿಲೋಗೆ ಇಷ್ಟು ಅಂತ, ತೂಕ ಗೊತ್ತಿಲ್ಲದೆ ಹೇಗೆ ಕೊಡುತ್ತಾರೆ?

ನಮ್ಮ ಭಾಗದಲ್ಲಿ ನಾಯಿಗೆ ದೊಡ್ಡ ಶತ್ರು ಉಣ್ಣಿ ಜ್ವರ. ಆ ಹುಳ ನಾಯಿಯ ಮೈಮೇಲೆ ಮಾತ್ರ ಇರುವುದಿಲ್ಲ, ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ನಾಯಿ ಊಟ ಬಿಡುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. "ಒಂದೇ ಇಂಜೆಕ್ಷನ್‌ಗೆ ಎದ್ದು ಓಡಾಡಿತು" ಅಂತ ಹೊಗಳಿಸಿಕೊಳ್ಳುವ ಡಾಕ್ಟರ ಬಗ್ಗೆ ನನಗೆ ಅನುಮಾನವೇ ಜಾಸ್ತಿ. ಸ್ಟೀರಾಯ್ಡ್ ಕೊಟ್ಟರೂ ನಾಯಿ ಆ ಹೊತ್ತಿಗೆ ಎದ್ದು ಕೂರುತ್ತದೆ, ರೋಗ ಒಳಗೇ ಇರುತ್ತದೆ. ಮೋತಿಗೆ ಜ್ವರ ಬಂದಾಗ ಮೇಡಂ ರಕ್ತ ತೆಗೆದು ಪ್ಲೇಟ್‌ಲೆಟ್ ಎಣಿಸಲು ಕಳಿಸಿದರು, ಉಣ್ಣಿ ಜ್ವರದಲ್ಲಿ ಅವು ಕಡಿಮೆಯಾಗುತ್ತವೆ. ವರದಿ ನೋಡಿದ ಮೇಲೆ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಬರೆದರು. ಇದನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. "ನಾಯಿ ಆರಾಮಾತು ಅಂತ ನಡುವ ಬಿಡಬ್ಯಾಡ್ರಿ, ಗ್ವಾಡಿ ಸಂದಿಗೂ ಔಷಧಿ ಹೊಡಸ್ರಿ" ಅಂದರು. ಗೋಡೆಯ ಬಗ್ಗೆ ಹೇಳಿದ ಡಾಕ್ಟರನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಫೀಸು, ಮನೆಗೆ ಬರುತ್ತಾರಾ ಇಲ್ಲವಾ ಅನ್ನುವುದಕ್ಕೆಲ್ಲ ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಯೇ ಕೇಳಿದೆ: "ನಿಮ್ಮ ಕೈಲಿ ಆಗದ್ದು ಬಂದರೆ?" ತಡಮಾಡದೆ ಉತ್ತರ ಬಂತು. ದೊಡ್ಡ ಆಪರೇಷನ್, ಸ್ಕ್ಯಾನಿಂಗ್ ಇಲ್ಲಿ ಆಗುವುದಿಲ್ಲ. ಚೀಟಿ ಬರೆದುಕೊಡುತ್ತೇನೆ, ಗದಗಿನ ಪಶುವೈದ್ಯಕೀಯ ಕಾಲೇಜಿಗೆ ಅಥವಾ ಹುಬ್ಬಳ್ಳಿಗೆ ಹೋಗಿ. ಎರಡೂ ಒಂದೇ ರೈಲು ದಾರಿಯಲ್ಲಿವೆ. "ಎಲ್ಲಾ ಇಲ್ಲೇ ಮಾಡ್ತೀನಿ" ಅಂದಿದ್ದರೆ ನಾನು ಹಿಂದೆ ಸರಿಯುತ್ತಿದ್ದೆ.

ಸರ್ಕಾರಿ ಡಾಕ್ಟರನ್ನು ನೆಚ್ಚಿಕೊಂಡರೆ ಒಂದು ಅನನುಕೂಲ ಇದ್ದೇ ಇದೆ. ಕಾಲುಬಾಯಿ ಬೇನೆಯ ಲಸಿಕೆ ಅಭಿಯಾನ ಶುರುವಾದರೆ ಅವರು ಬೆಳಗಾಗುವ ಮುಂಚೆಯೇ ಹಳ್ಳಿಗೆ ಹೋಗಿರುತ್ತಾರೆ, ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಅಂಥ ದಿನಗಳಿಗೆ ಅಂತ ಊರಿನ ಇನ್ನೊಬ್ಬ ಖಾಸಗಿ ಡಾಕ್ಟರ ನಂಬರನ್ನು ಮೇಡಂ ಅವರೇ ಮೋತಿಯ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಟ್ಟಿದ್ದಾರೆ. ಅವರ ಹತ್ತಿರವೂ ಒಮ್ಮೆ ಹೋಗಿ, ಸುಮ್ನೆ ನಿಂತು ನೋಡಿ ಬಂದೆ. ಅವರೂ ಮೊದಲು ತುಟಿ ಎತ್ತಿ ವಸಡು ನೋಡುವವರೇ.