ಉಬುಂಟು ಪಕ್ಕದಲ್ಲಿ ಆಟಕ್ಕಂತಲೇ ಇನ್ನೊಂದು ಲಿನಕ್ಸ್

ಬೆಂಗಳೂರಿನ ಎಸ್‌ಪಿ ರೋಡಿನಿಂದ ತುಮಕೂರಿಗೆ ಬರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಂದರೆ ಸಾಮಾನ್ಯವಾಗಿ 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ; ಇಂಟೆಲ್ ಗ್ರಾಫಿಕ್ಸ್ ಇದೇ ರ್‍ಯಾಮಿನಲ್ಲಿ ಪಾಲು ಕೇಳುತ್ತದೆ. ಈಗಿರುವ ಉಬುಂಟು ಪಕ್ಕದಲ್ಲೇ ಆಟಕ್ಕಂತಲೇ ಒಂದು ಹಗುರ ಲಿನಕ್ಸ್ ಇಟ್ಟುಕೊಳ್ಳುವುದು ಅದಕ್ಕೇ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ದುಪ್ಪಟ್ಟಾಗುತ್ತದೆ ಅಂದುಕೊಳ್ಳಬೇಡಿ. ರ್‍ಯಾಮ್ ತುಂಬಿ ಆಟ ನಡುವೆ ತಡವರಿಸುವುದು ಮಾತ್ರ ಕಮ್ಮಿಯಾಗುತ್ತದೆ.

ಯಾವುದನ್ನು ಹಾಕಬೇಕು? ಉಬುಂಟು ಇದ್ದಲ್ಲಿ ಜುಬುಂಟು, ಮಿಂಟ್ ಬೇಡ. ಮೂರೂ ಇಎಫ್‌ಐ ಪಾರ್ಟಿಷನ್‌ನಲ್ಲಿ (ಬೂಟ್ ಫೈಲುಗಳಿರುವ ಡಿಸ್ಕ್‌ನ ಭಾಗ) ‘ಉಬುಂಟು’ ಎಂಬ ಒಂದೇ ಹೆಸರಿನ ಫೋಲ್ಡರ್ ಬಳಸುತ್ತವೆ. ಆಮೇಲೆ ಬಂದದ್ದು ಮೊದಲಿನದರ ಬೂಟ್ ಫೈಲುಗಳನ್ನು ಅಳಿಸಿ ಕೂರುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಡೆಬಿಯನ್ ತನ್ನದೇ ಫೋಲ್ಡರ್ ಮಾಡಿಕೊಳ್ಳುತ್ತದೆ, ಜಗಳವಿಲ್ಲ. ಅದನ್ನೇ ಹಾಕಿ.

ಮೊದಲು ಬ್ಯಾಕಪ್. ಆಮೇಲೆ ಡಿಸ್ಕ್ ಭಾಗ ಮಾಡುವ ಜಿಪಾರ್ಟೆಡ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಏಕೆಂದರೆ ಓಡುತ್ತಿರುವ ರೂಟ್ (ಸಿಸ್ಟಮ್ ಇರುವ) ಪಾರ್ಟಿಷನ್ ಕುಗ್ಗುವುದಿಲ್ಲ. ಉಬುಂಟು ಪಾರ್ಟಿಷನ್‌ನ ಬಲತುದಿಯಿಂದ 110 ಜಿಬಿ ಬಿಡಿಸಿ. ಎಡತುದಿ ಎಳೆದರೆ ಇಡೀ ಡೇಟಾ ಸರಿಯಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಫೈಲ್ ಸಿಸ್ಟಮ್ ಕೆಡುತ್ತದೆ. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಟುಕೊಂಡ ಪಾವಗಡದಲ್ಲೂ ಕರೆಂಟ್ ಹೋಗುತ್ತದೆ! ಲ್ಯಾಪ್‌ಟಾಪ್‌ಗೆ ಫುಲ್ ಚಾರ್ಜ್, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಬಿಡಿಸಿದ ಜಾಗದಲ್ಲಿ 30 ಜಿಬಿ ಡೆಬಿಯನ್ ರೂಟ್‌ಗೆ, 80 ಜಿಬಿ ಆಟಗಳಿಗೆ. ಎರಡೂ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಸಿಸ್ಟಮ್). ಆಟದ ಜಾಗವನ್ನು ಎನ್‌ಟಿಎಫ್‌ಎಸ್ ಮಾಡಿದರೆ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಕೈಕೊಡುತ್ತದೆ: ಪ್ರತಿ ಆಟಕ್ಕೂ ಅದು ‘ಸಿ:’ ಎಂಬ ಹೆಸರಿನ ಸಿಮ್‌ಲಿಂಕ್ (ಬೇರೆ ಫೋಲ್ಡರ್‌ಗೆ ಕೊಂಡಿ) ಮಾಡುತ್ತದೆ, ವಿಂಡೋಸ್‌ನ ಫೈಲ್ ಸಿಸ್ಟಮ್‌ನಲ್ಲಿ ಹೆಸರಿನೊಳಗೆ ಕೋಲನ್ ಸಲ್ಲದು.

ಇನ್‌ಸ್ಟಾಲರ್‌ನಲ್ಲಿ ಮ್ಯಾನ್ಯುಯಲ್ ಪಾರ್ಟಿಷನಿಂಗ್ ಆರಿಸಿ. ಹಳೆಯ ಇಎಫ್‌ಐ ಪಾರ್ಟಿಷನ್ ಬಳಸಿ, ಫಾರ್ಮ್ಯಾಟ್ ಮಾಡಬೇಡಿ. ಸ್ವಾಪ್ (ರ್‍ಯಾಮ್ ತುಂಬಿದಾಗ ಬಳಸುವ) ಪಾರ್ಟಿಷನ್ ಕಂಡರೆ ‘ಬಳಸಬೇಡ’ ಎಂದು ಗುರುತು ಮಾಡಿ. ಅದು ಫಾರ್ಮ್ಯಾಟ್ ಆದರೆ ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಬದಲಾಗುತ್ತದೆ, ಆಮೇಲೆ ಉಬುಂಟು ಪ್ರತಿ ಸಲ ಆನ್ ಆಗುವಾಗ ಇಲ್ಲದ ಸ್ವಾಪ್‌ಗಾಗಿ ಒಂದೂವರೆ ನಿಮಿಷ ಕಾಯುತ್ತದೆ. ಹೋಮ್ ಫೋಲ್ಡರ್ ಹಂಚಿಕೊಳ್ಳುವ ಆಸೆಯೂ ಬೇಡ. ಎರಡು ಡೆಸ್ಕ್‌ಟಾಪ್‌ಗಳ ಸೆಟ್ಟಿಂಗ್ ಒಂದರ ಮೇಲೊಂದು ಬರೆದುಕೊಳ್ಳುತ್ತವೆ.

ಆನ್ ಆಗುವಾಗ ಬರುವ ಮೆನುವಿನಲ್ಲಿ ಉಬುಂಟು ಕಾಣದಿದ್ದರೆ ಗಾಬರಿ ಬೇಡ. ಆ ಮೆನು ತೋರಿಸುವ ಗ್ರಬ್‌ನ 2.06 ಆವೃತ್ತಿಯಿಂದ, ಬೇರೆ ಸಿಸ್ಟಮ್ ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಆ ಪ್ಯಾಕೇಜ್ ಇದೆಯೇ ನೋಡಿ, ಗ್ರಬ್‌ನ ಡೀಫಾಲ್ಟ್ ಫೈಲ್‌ನಲ್ಲಿ ‘ಡಿಸೇಬಲ್ ಓಎಸ್ ಪ್ರೋಬರ್’ ಸಾಲಿನ ಮುಂದಿನ ಹ್ಯಾಶ್ ಗುರುತು ಅಳಿಸಿ, ಅದರ ಮೌಲ್ಯ ‘ಫಾಲ್ಸ್’ ಇರಲಿ. ಆಮೇಲೆ ಅಪ್‌ಡೇಟ್-ಗ್ರಬ್ ಓಡಿಸಿ. ಉಬುಂಟುವಿನಲ್ಲಿ ಹೊಸ ಕರ್ನಲ್ (ಸಿಸ್ಟಮ್‌ನ ತಿರುಳು) ಬಂದಾಗಲೆಲ್ಲ ಡೆಬಿಯನ್‌ನಲ್ಲಿ ಇದೇ ಕಮಾಂಡ್ ಮತ್ತೆ ಕೊಡಬೇಕು. ಇಲ್ಲವಾದರೆ ಮೆನು ಹಳೆಯ ಕರ್ನಲನ್ನೇ ತೋರಿಸುತ್ತಿರುತ್ತದೆ, ಆ ಕರ್ನಲ್ ಅಳಿಸಿಹೋದ ದಿನ ಉಬುಂಟು ಬೂಟ್ ಆಗುವುದಿಲ್ಲ.

ಆಟ ಕೊಂಡು ಇಳಿಸುವ ಆ್ಯಪ್ ಸ್ಟೀಮ್‌ಗೆ ಐ386 (32 ಬಿಟ್) ಆರ್ಕಿಟೆಕ್ಚರ್ ಸೇರಿಸಿ, ಕಾಂಟ್ರಿಬ್ ರೆಪೊಸಿಟರಿ ತೆರೆದು, ‘ಸ್ಟೀಮ್-ಇನ್‌ಸ್ಟಾಲರ್’ ಹಾಕಿ. ಗ್ರಾಫಿಕ್ಸ್‌ಗೆ ಬೇಕಾದ ಮೆಸಾ ವಲ್ಕನ್ ಡ್ರೈವರ್‌ನ 32 ಬಿಟ್ ಪ್ರತಿಯೂ ಬೇಕು. ಅದಿಲ್ಲದೆ 32 ಬಿಟ್ ಆಟಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತವೆ. ಇಂಟೆಲ್ 5ನೇ ತಲೆಮಾರಿಗಿಂತ ಹಳೆಯ ಚಿಪ್‌ನಲ್ಲಿ ವಲ್ಕನ್ ಅರೆಬರೆ. ಅಂಥ ಕಡೆ ಆಟದ ಲಾಂಚ್ ಆಪ್ಷನ್‌ನಲ್ಲಿ ಪ್ರೋಟಾನ್‌ಗೆ ‘ವೈನ್‌ಡಿ3ಡಿ ಬಳಸು’ (PROTON_USE_WINED3D) ಎನ್ನುವ ವೇರಿಯಬಲ್‌ಗೆ 1 ಕೊಟ್ಟು ನೋಡಿ. ನಿಧಾನ, ಆದರೆ ಸಾಕಷ್ಟು ಹಳೆಯ ಆಟಗಳು ತೆರೆಯುತ್ತವೆ.

ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಂಪೋಸಿಟರ್ (ವಿಂಡೋಗಳಿಗೆ ನೆರಳು, ಪಾರದರ್ಶಕತೆ ಕೊಡುವುದು) ಆಫ್ ಮಾಡಿ. 80 ಜಿಬಿ ಪಾರ್ಟಿಷನನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ (ಆನ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಯುಯುಐಡಿ ಹೆಸರಲ್ಲಿ ‘ನೋಫೇಲ್’ (ಪಾರ್ಟಿಷನ್ ಸಿಗದಿದ್ದರೂ ಬೂಟ್ ನಿಲ್ಲದು) ಆಯ್ಕೆಯೊಂದಿಗೆ ಬರೆದು, ಒಡೆತನ ನಿಮ್ಮ ಯೂಸರ್‌ಗೆ ಕೊಟ್ಟು, ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಸೇರಿಸಿ. ಮೊದಲ ಸಲ ಆಟ ತೆರೆಯುವುದು ತಡವಾದರೆ ಶೇಡರ್ (ಚಿತ್ರ ಮೂಡಿಸುವ ಕೋಡ್) ಸಿದ್ಧವಾಗುತ್ತಿದೆ ಎಂದರ್ಥ, ನಡುವೆ ನಿಲ್ಲಿಸಬೇಡಿ.

ದಿನಕ್ಕೆ 2 ಜಿಬಿ ಡೇಟಾ ಪ್ಯಾಕ್‌ನಲ್ಲಿ 40 ಜಿಬಿ ಆಟ ಇಳಿಸಲು ಹೋಗಬೇಡಿ. ಹಾಸ್ಟೆಲ್‌ನಲ್ಲಿ ಯಾರ ಹತ್ತಿರವಾದರೂ ಅದೇ ಆಟ ಇದ್ದರೆ ಒಂದೇ ವೈಫೈನಲ್ಲಿ ಕೂತು, ಸ್ಟೀಮ್ ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಇಬ್ಬರೂ ಆನ್ ಮಾಡಿ. ಇನ್ನು ವ್ಯಾಲೊರೆಂಟ್ ಆಡಬೇಕು ಅನ್ನುವವರು ಈ ಕೆಲಸ ಶುರು ಮಾಡುವುದೇ ಬೇಡ. ಅದರ ಆಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಲಿನಕ್ಸ್‌ನಲ್ಲಿ ನಡೆಯುವುದಿಲ್ಲ.