ಟೈಮ್‌ಶೇರ್ ಕೊಳ್ಳುವ ಮುಂಚೆ ಮನೆಯ ಕ್ಯಾಲೆಂಡರ್ ತೆಗೆಯಿರಿ

ಮಂಗಳೂರಿನ ಮಾಲ್‌ಗಳಲ್ಲಿ, ವಸ್ತುಪ್ರದರ್ಶನದ ಸ್ಟಾಲ್‌ಗಳಲ್ಲಿ ಯಾರೋ ನಗುತ್ತಾ ಬಂದು ಒಂದು ಕೂಪನ್ ತುಂಬಿಸಿ ಎನ್ನುತ್ತಾರೆ. ಹೆಸರು, ಮೊಬೈಲ್ ನಂಬರ್, ಮದುವೆ ಆಗಿದೆಯಾ, ಸ್ವಂತ ಕಾರು ಇದೆಯಾ. ಕೆಲವು ದಿನ ಕಳೆದ ಮೇಲೆ ಫೋನ್ ಬರುತ್ತದೆ. ‘ಸರ್, ನಿಮಗೆ ಎರಡು ರಾತ್ರಿಯ ಹಾಲಿಡೇ ಗಿಫ್ಟ್ ಬಂದಿದೆ. ಭಾನುವಾರ ಸಂಜೆ ಮೇಡಂ ಜೊತೆ ಹೋಟೆಲ್‌ಗೆ ಬಂದು ತಗೊಂಡು ಹೋಗಿ. ಮುಕ್ಕಾಲು ಗಂಟೆ ಸಾಕು.’ ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎನ್ನುವುದಕ್ಕೆ ಕಾರಣ ಇದೆ. ಒಬ್ಬರೇ ಹೋದರೆ ‘ಮನೆಯಲ್ಲಿ ಕೇಳಿ ಹೇಳ್ತೇನೆ’ ಎಂದು ಎದ್ದು ಬರಬಹುದಲ್ವಾ!

ಅಲ್ಲಿ ಮಾರುವುದು ಟೈಮ್‌ಶೇರ್. ಕೆಲವು ಲಕ್ಷ ಕೊಟ್ಟು ಮೆಂಬರ್ ಆದರೆ 10 ಅಥವಾ 25 ವರ್ಷದವರೆಗೆ, ವರ್ಷಕ್ಕೆ ಸಾಮಾನ್ಯವಾಗಿ 7 ರಾತ್ರಿ, ಕಂಪನಿಯ ರೆಸಾರ್ಟ್‌ಗಳಲ್ಲಿ ಉಳಿಯಬಹುದು. 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾದ ವ್ಯಾಪಾರ ಇದು. ನಮ್ಮ ದೇಶದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಕ್ಲಬ್ ಮಹೀಂದ್ರಾ ಬಂದವು. ಅಮೆರಿಕದಲ್ಲಿ ಕೆಲವು ಟೈಮ್‌ಶೇರ್‌ಗಳಿಗೆ ಆಸ್ತಿಯ ಹಾಗೆ ಪತ್ರ ಆಗುತ್ತದೆ. ನಮ್ಮಲ್ಲಿ ಹೆಚ್ಚಿನವು ಬರೀ ಬಳಸುವ ಹಕ್ಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಹೆಸರಿಗೆ ಏನೂ ಬರುವುದಿಲ್ಲ. ಹಾಗಾಗಿ ‘ಆಸ್ತಿ ಮಾಡಿದ ಹಾಗೆ ಸರ್’ ಎಂಬ ಮಾತು ಕೇಳಿದ ಕೂಡಲೇ ಸ್ವಲ್ಪ ಎಚ್ಚರವಾಗಿ.

ಇದು ಒಳ್ಳೆಯದಾ, ಕೆಟ್ಟದಾ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಕೆಲವು ಮನೆಗಳಿಗೆ ನಿಜವಾಗಿ ಲಾಭ ಇದೆ. ನಿಮ್ಮ ಮನೆ ಅದರಲ್ಲಿ ಒಂದಾ ಎಂದು ನೋಡುವ ದಾರಿ ಹೀಗಿದೆ.

ಮೊದಲು ರಜೆ ಯಾವಾಗ ಎಂದು ನೋಡಿ

ಹೆಚ್ಚಿನವರು ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ. ನನ್ನ ಪ್ರಕಾರ ಗೋಡೆಯ ಕ್ಯಾಲೆಂಡರ್‌ನಿಂದ ಶುರು ಮಾಡಬೇಕು. ಯಾಕೆಂದರೆ ಟೈಮ್‌ಶೇರ್‌ನಲ್ಲಿ ಕೊಳ್ಳುವುದು ರೂಮನ್ನಲ್ಲ, ಸೀಸನ್ನನ್ನು. ಕಂಪನಿಗಳು ವರ್ಷವನ್ನು ಮೂರು ನಾಲ್ಕು ಭಾಗ ಮಾಡಿ, ಬಣ್ಣದ ಹೆಸರಿಟ್ಟು ಮಾರುತ್ತವೆ. ಏಪ್ರಿಲ್-ಮೇ, ಕ್ರಿಸ್‌ಮಸ್, ಹೊಸ ವರ್ಷ ಸಿಗುವ ಬಣ್ಣಕ್ಕೆ ಬೆಲೆ ಜಾಸ್ತಿ. ಮಳೆಗಾಲದ ಬಣ್ಣಕ್ಕೆ ಕಡಿಮೆ. ದುಬಾರಿ ಸೀಸನ್‌ನವರು ಅಗ್ಗದ ಸೀಸನ್‌ನಲ್ಲೂ ಹೋಗಬಹುದು. ಅಗ್ಗದವರು ಮೇಲಕ್ಕೆ ಹೋಗುವುದು ಸುಲಭವಲ್ಲ.

ಈಗ ಕಳೆದ ಮೂರು ವರ್ಷ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಯಾವಾಗ ಎಂದು ಬರೆಯಿರಿ. ಸುಮ್ನೆ ಅಂದಾಜಿಗೆ ಬರೆಯಬೇಡಿ, ಫೋನ್‌ನ ಫೋಟೋ ನೋಡಿ ಬರೆಯಿರಿ. ನಮ್ಮ ಕಡೆ ಏಪ್ರಿಲ್-ಮೇ ಎಂದರೆ ಮಕ್ಕಳಿಗೆ ರಜೆ ಹೌದು. ಆದರೆ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ ಎಲ್ಲವೂ ಆಗಲೇ. ಒಂದೇ ವಾರದಲ್ಲಿ ನಾಲ್ಕು ಆಮಂತ್ರಣ ಇದ್ದಾಗ ಊಟಿಗೆ ಹೋಗಿ ಏಳು ರಾತ್ರಿ ಉಳಿಯುವವರು ಯಾರು? ಕ್ರಿಸ್‌ಮಸ್‌ಗೆ ಕೆಥೋಲಿಕ್ ಮನೆಗಳಲ್ಲಿ ನೆಂಟರು ಇಲ್ಲಿಗೇ ಬರುತ್ತಾರೆ. ಕೃಷ್ಣ ಮಠದ ಪರ್ಯಾಯ ಬರುವ ಜನವರಿಯಲ್ಲಿ ಉಡುಪಿಯ ಎಷ್ಟೋ ಮನೆಗಳೇ ಛತ್ರ. ದೊಡ್ಡವರು ಬಿಡುವಾಗುವುದು ಮಳೆಗಾಲದ ಆಟಿ ತಿಂಗಳಲ್ಲಿ. ಆಗ ಮಕ್ಕಳಿಗೆ ಶಾಲೆ.

ಗಲ್ಫ್‌ನಲ್ಲಿರುವ ಮನೆಗಳ ಕತೆ ಬೇರೆ. ಅಲ್ಲಿನ ಶಾಲೆಗಳಿಗೆ ಜುಲೈ-ಆಗಸ್ಟ್ ರಜೆ. ಅವರು ಊರಿಗೆ ಬರುವಾಗ ಇಲ್ಲಿ ಮಳೆ, ರೆಸಾರ್ಟ್‌ಗಳಿಗೆ ಆಫ್ ಸೀಸನ್. ಅಂಥವರಿಗೆ ದುಬಾರಿ ಬಣ್ಣ ಮಾರಲು ಬಂದರೆ ಅಗತ್ಯವೇ ಇಲ್ಲ. ಅಗ್ಗದ ಬಣ್ಣವೂ ಬೇಕಾ ಎಂದು ಯೋಚಿಸಬೇಕು. ಆಫ್ ಸೀಸನ್‌ನಲ್ಲಿ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳೇ ಬಾಡಿಗೆ ಇಳಿಸುತ್ತವೆ. ನಿವೃತ್ತ ದಂಪತಿಗೂ ಇದೇ ಮಾತು. ಯಾವಾಗ ಬೇಕಾದರೂ ಹೋಗಬಲ್ಲವರಿಗೆ ಯಾವ ಮೆಂಬರ್‌ಶಿಪ್ಪೂ ಇಲ್ಲದೆ ಕಡಿಮೆಗೆ ರೂಮ್ ಸಿಗುತ್ತದೆ. ಶಾಲೆ ರಜೆಯಲ್ಲೇ ಹೋಗಬೇಕಾದವರು ಅತಿ ದುಬಾರಿ ಸೀಸನ್ ಕೊಂಡರೆ ಮಾತ್ರ ಉಪಯೋಗ. ಟೈಮ್‌ಶೇರ್‌ನ ವಿಚಿತ್ರ ಇರುವುದೇ ಇಲ್ಲಿ. ಮಾರಾಟದ ಮೇಜಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಒಂದು ರಾತ್ರಿಗೆ ಎಷ್ಟು ಬಿತ್ತು?

ಪೇಪರ್, ಪೆನ್ ತಗೊಳ್ಳಿ. ಮೆಂಬರ್‌ಶಿಪ್ 4 ಲಕ್ಷ ರೂಪಾಯಿ, 25 ವರ್ಷ, ವರ್ಷಕ್ಕೆ 7 ರಾತ್ರಿ, ರೆಸಾರ್ಟ್‌ನ ನಿರ್ವಹಣೆಗೆಂದು ಪ್ರತಿ ವರ್ಷ ಕಟ್ಟುವ ವಾರ್ಷಿಕ ಶುಲ್ಕ 20,000 ಎಂದು ಇಟ್ಟುಕೊಳ್ಳೋಣ. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ನಿಮಗೆ ಕೊಟ್ಟ ಕೊಟೇಶನ್‌ನ ಅಂಕಿಗಳನ್ನು ಇಲ್ಲಿ ಹಾಕಿ.

ಮಾರುವವರ ಲೆಕ್ಕ ಹೀಗಿರುತ್ತದೆ: 25 ವರ್ಷಕ್ಕೆ 175 ರಾತ್ರಿ, 4 ಲಕ್ಷ ಭಾಗಿಸಿದರೆ ರಾತ್ರಿಗೆ ಸುಮಾರು 2,286 ರೂಪಾಯಿ. ಕೇಳಲು ಚೆಂದ. ಇದರಲ್ಲಿ ಎರಡು ವಿಷಯ ಬಿಟ್ಟುಹೋಗಿದೆ.

ಒಂದು, ಬಡ್ಡಿ. ಅದೇ 4 ಲಕ್ಷವನ್ನು ಶೇ 7ರ ಬಡ್ಡಿಗೆ ಇಟ್ಟು, 25 ವರ್ಷದಲ್ಲಿ ಅಸಲೂ ಮುಗಿಯುವ ಹಾಗೆ ವರ್ಷ ವರ್ಷ ಒಂದೇ ಮೊತ್ತ ತೆಗೆಯುತ್ತಾ ಹೋದರೆ ವರ್ಷಕ್ಕೆ ಸುಮಾರು 34,300 ರೂಪಾಯಿ ಸಿಗುತ್ತದೆ. ಮೆಂಬರ್‌ಶಿಪ್‌ನ ನಿಜವಾದ ವಾರ್ಷಿಕ ಬೆಲೆ ಅದು. ಇಎಂಐಯಲ್ಲಿ ಕೊಂಡರೆ ಇನ್ನೂ ಜಾಸ್ತಿ.

ಎರಡು, ವಾರ್ಷಿಕ ಶುಲ್ಕ. ಇದರ ಮೇಲೆ ಶೇ 18 ಜಿಎಸ್‌ಟಿ ಇದೆ. ಅಂದರೆ 20,000 ಎನ್ನುವುದು 23,600 ಆಗುತ್ತದೆ. ಎರಡೂ ಕೂಡಿದರೆ ವರ್ಷಕ್ಕೆ 57,900. ಏಳು ರಾತ್ರಿ ಪೂರ್ತಿ ಬಳಸಿದರೆ ರಾತ್ರಿಗೆ ಸುಮಾರು 8,270 ರೂಪಾಯಿ. ನಾಲ್ಕೇ ರಾತ್ರಿ ಹೋದಿರಿ ಎಂದರೆ 14,475. ಊಟ, ತಿಂಡಿ, ಪ್ರಯಾಣ ಬೇರೆ.

ಹೋಗದ ವರ್ಷವೂ ಶುಲ್ಕ ಕಟ್ಟಲೇಬೇಕು. ಬಳಸದ ರಾತ್ರಿಗಳನ್ನು ಮುಂದಿನ ವರ್ಷಕ್ಕೆ ಒಯ್ಯಲು ಮಿತಿ ಇರುತ್ತದೆ. ಜೊತೆಗೆ ಈ ಶುಲ್ಕ ಏರುತ್ತಾ ಹೋಗುತ್ತದೆ. ವರ್ಷಕ್ಕೆ ಶೇ 6 ಏರಿದರೆ 12 ವರ್ಷದಲ್ಲಿ ದುಪ್ಪಟ್ಟು. ಒಪ್ಪಂದದಲ್ಲಿ ಏರಿಕೆಗೆ ಮಿತಿ ಬರೆದಿದ್ದಾರಾ ಎಂದು ಹುಡುಕಿ. ನಾನಾದರೆ ಒಪ್ಪಂದದಲ್ಲಿ ಮೊದಲು ಓದುವ ಸಾಲು ಅದೇ.

ಇಷ್ಟು ಹೇಳಿ ನಿಲ್ಲಿಸಿದರೆ ಕಂಪನಿಗಳಿಗೆ ಅನ್ಯಾಯ. ಹೋಟೆಲ್ ಬಾಡಿಗೆಯೂ ಏರುತ್ತದೆ. ನೀವು ಈಗ ರಾತ್ರಿಗೆ 8,000 ಕೊಟ್ಟು ಉಳಿಯುವವರಾದರೆ, ಶೇ 6ರ ಲೆಕ್ಕದಲ್ಲಿ 12 ವರ್ಷಕ್ಕೆ ಅದೇ ರೂಮ್ 16,000. ಆಗ ಟೈಮ್‌ಶೇರ್‌ನಲ್ಲಿ 34,300 ಹಾಗೇ ಇರುತ್ತದೆ. ಶುಲ್ಕ ಮಾತ್ರ ಜಿಎಸ್‌ಟಿ ಸೇರಿ 47,200 ಆಗಿರುತ್ತದೆ. ರಾತ್ರಿಗೆ ಸುಮಾರು 11,640. ಇಲ್ಲಿ ಟೈಮ್‌ಶೇರ್ ಗೆಲ್ಲುತ್ತದೆ. ಆದರೆ 3,000ದ ಹೋಂಸ್ಟೇಯಲ್ಲಿ, ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್‌ನಲ್ಲಿ ಖುಷಿಯಾಗಿ ಇರುವವರಾದರೆ ಅದು ಏರಿ 6,000 ಆದರೂ ಟೈಮ್‌ಶೇರ್ ಗೆಲ್ಲುವುದಿಲ್ಲ. ರೆಸಾರ್ಟ್‌ನ ಬೋರ್ಡ್ ದರದ ಜೊತೆ ಹೋಲಿಸಬೇಡಿ. ನೀವು ಕೈಯಿಂದ ನಿಜವಾಗಿ ಕೊಡುತ್ತಿದ್ದ ಬಾಡಿಗೆಯ ಜೊತೆ ಹೋಲಿಸಿ.

ಅಜ್ಜ ಅಜ್ಜಿ ಸೇರಿ ಆರು ಜನ ಒಟ್ಟಿಗೆ ಹೋಗುವ ಮನೆಯಾದರೆ ಎರಡು ಬೆಡ್‌ರೂಮಿನ ಯೂನಿಟ್ ಲಾಭ. ಹೋಟೆಲ್‌ನಲ್ಲಿ ಎರಡು ಮೂರು ರೂಮ್ ಬೇಕಾಗುತ್ತದೆ. ಅಡುಗೆಮನೆ ಇದೆಯಾ ಎಂದೂ ಕೇಳಿ. ಬರೀ ಕೆಟಲ್, ಮೈಕ್ರೋವೇವ್ ಇಟ್ಟು ಅದನ್ನೇ ಕಿಚನ್ ಎನ್ನುವುದುಂಟು. ಅದರಲ್ಲಿ ಕುಚ್ಚಲಕ್ಕಿ ಬೇಯುವುದಿಲ್ಲ. ಮೂರು ಹೊತ್ತೂ ರೆಸಾರ್ಟ್‌ನಲ್ಲೇ ತಿಂದರೆ ಊಟದ ಬಿಲ್ಲು ರೂಮಿನ ಲೆಕ್ಕವನ್ನೇ ಮೀರಬಹುದು.

ಎಕ್ಸ್‌ಚೇಂಜ್ ಎಂಬ ದೊಡ್ಡ ಆಸೆ

‘ನಿಮ್ಮ ವಾರ ಕೊಟ್ಟು ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಹೋಗಿ’ ಎನ್ನುವುದು ಮಾರಾಟದ ಕೊನೆಯ ಬಾಣ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಮೆರಿಕದಲ್ಲಿ 1974ರಲ್ಲಿ ಆರ್‌ಸಿಐ, 1976ರಲ್ಲಿ ಇಂಟರ್‌ವಲ್ ಇಂಟರ್‌ನ್ಯಾಷನಲ್ ಎಂಬ ವಿನಿಮಯ ಸಂಸ್ಥೆಗಳು ಶುರುವಾದವು. ನಿಮ್ಮ ರೆಸಾರ್ಟ್ ಇಂಥ ಸಂಸ್ಥೆಯ ಜೊತೆ ಸೇರಿದ್ದರೆ ನಿಮ್ಮ ವಾರವನ್ನು ಅಲ್ಲಿ ಜಮಾ ಮಾಡುತ್ತೀರಿ. ಅದಕ್ಕೆ ಒಂದು ಮೌಲ್ಯ ಬರುತ್ತದೆ. ಆ ಮೌಲ್ಯಕ್ಕೆ ಸರಿಹೊಂದುವ ಬೇರೆ ರೆಸಾರ್ಟ್‌ನ ವಾರ ಖಾಲಿ ಇದ್ದರೆ ತೆಗೆದುಕೊಳ್ಳುತ್ತೀರಿ.

ಮೌಲ್ಯ ನಿಂತಿರುವುದು ನಾಲ್ಕು ವಿಷಯದ ಮೇಲೆ: ಊರು, ಸೀಸನ್, ಯೂನಿಟ್‌ನ ಗಾತ್ರ, ಎಷ್ಟು ಮೊದಲೇ ಜಮಾ ಮಾಡಿದಿರಿ ಎನ್ನುವುದು. ಮಳೆಗಾಲದಲ್ಲಿ ಸ್ಟುಡಿಯೋ ಎಂಬ ಒಂದೇ ಕೋಣೆಯ ಯೂನಿಟ್‌ನ ವಾರ ಕೊಟ್ಟು ಗೋವಾದಲ್ಲಿ ಕ್ರಿಸ್‌ಮಸ್ ವಾರ ಕೇಳುವುದು ಒಣ ಬೂತಾಯಿ ಕೊಟ್ಟು ಅಂಜಲ್ ಕೇಳಿದ ಹಾಗೆ. ಪೂರ್ತಿ ಮೌಲ್ಯ ಬೇಕಾದರೆ ಚೆಕ್-ಇನ್‌ಗೆ ಹಲವು ತಿಂಗಳು ಮುಂಚೆಯೇ ಜಮಾ ಮಾಡಬೇಕು. ಕೊನೆ ಗಳಿಗೆಯಲ್ಲಿ ಕೊಟ್ಟರೆ ಬೆಲೆ ಇಳಿಯುತ್ತದೆ. ವಾರ್ಷಿಕ ಶುಲ್ಕ ಬಾಕಿ ಇದ್ದರೆ ಜಮಾ ಮಾಡಲು ಬಿಡುವುದೇ ಇಲ್ಲ.

ಖರ್ಚೂ ಬೇರೆಯೇ. ವಿನಿಮಯ ಸಂಸ್ಥೆಗೆ ಸದಸ್ಯತ್ವ ಶುಲ್ಕ, ಪ್ರತಿ ವಿನಿಮಯಕ್ಕೆ ಇನ್ನೊಂದು ಶುಲ್ಕ, ಕೆಲವು ರೆಸಾರ್ಟ್‌ಗಳಲ್ಲಿ ಕರೆಂಟ್-ನೀರಿಗೆಂದು ಮತ್ತೊಂದು. ಮೊದಲ ಒಂದೆರಡು ವರ್ಷದ ಸದಸ್ಯತ್ವ ಉಚಿತ ಎಂದು ಕೊಟ್ಟಿದ್ದರೆ ಆಮೇಲೆ ಎಷ್ಟು ಎಂದು ಕೇಳಿ. ವಿಮಾನದ ಟಿಕೆಟ್ ನಿಮ್ಮದೇ. ಬಜ್ಪೆಯಿಂದ ಹೊರಟು ಎರಡು ವಿಮಾನ ಬದಲಿಸಿ ಹಿಮಾಚಲ ತಲುಪುವಾಗ ನಾಲ್ಕು ಜನರ ಟಿಕೆಟ್ ದುಡ್ಡಿನ ಮುಂದೆ ರೂಮ್ ಉಚಿತವಾದರೂ ದೊಡ್ಡ ಸಂಗತಿಯಲ್ಲ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ, ರೈಲಿನಲ್ಲಿ ಮಡಗಾಂವ್‌ಗೆ ಹೋಗುವವರಿಗೆ ವಿನಿಮಯದ ಗೊಡವೆಯೇ ಬೇಡ. ಕಂಪನಿಯದೇ ರೆಸಾರ್ಟ್ ಅಲ್ಲಿದ್ದರೆ ಆಯಿತು.

ವಿನಿಮಯ ನಿಜವಾಗಿ ಒದಗುವುದು ಹೊರದೇಶದಲ್ಲಿ. ಯುರೋಪ್, ಅಮೆರಿಕದಲ್ಲಿ ಅಡುಗೆಮನೆ ಇರುವ ಯೂನಿಟ್ ಒಂದು ವಾರಕ್ಕೆ ಸಿಕ್ಕಿದರೆ ಒಂದು ಕುಟುಂಬಕ್ಕೆ ಒಳ್ಳೆಯ ಉಳಿತಾಯ. ತಾರೀಕು, ಊರು ಎರಡರಲ್ಲೂ ಹಟ ಹಿಡಿಯದವರಿಗೆ ಮಾತ್ರ. ಮೊದಲು ವಿನಿಮಯ ಗಟ್ಟಿ ಮಾಡಿ, ಆಮೇಲೆ ವಿಮಾನ ಟಿಕೆಟ್ ತೆಗೆಯಿರಿ.

ಹಾಲ್‌ನಲ್ಲಿ ಕೂತಾಗ

ಉಡುಗೊರೆ ಬೇಕಿದ್ದರೆ ಹೋಗಿ, ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಿ. ಯುಪಿಐ ಇರುವ ಫೋನ್ ಬಿಟ್ಟು ಹೋಗುವುದು ಕಷ್ಟ, ಗೊತ್ತು. ‘ಇವತ್ತು ಮಾತ್ರ ಈ ರೇಟ್’ ಎಂದಾಗ ಒಪ್ಪಂದದ ಪ್ರತಿ ಮನೆಗೆ ಕೊಡಿ ಎಂದು ಕೇಳಿ. ಕೊಡದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬಾಯಿಮಾತಿನ ಭರವಸೆಗಳನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಒಂದು ಪರೀಕ್ಷೆ ತಪ್ಪದೆ ಮಾಡಿ. ಮಾರುವವರ ಎದುರೇ ಅವರ ಬುಕಿಂಗ್ ಆ್ಯಪ್ ತೆರೆಸಿ. ಮುಂದಿನ ಮೇ ಎರಡನೇ ವಾರ, ನಿಮಗೆ ಬೇಕಾದ ಊರು, ನಿಮಗೆ ಮಾರುತ್ತಿರುವ ಗಾತ್ರದ ಯೂನಿಟ್, ಇದೆಯಾ ತೋರಿಸಿ ಎನ್ನಿ. ಮೆಂಬರ್ ಆಗಿರುವ ನೆಂಟರಿದ್ದರೆ ಅವರ ಫೋನ್‌ನಲ್ಲೇ ನೋಡಬಹುದು. ಅವರ ಒಪ್ಪಂದ ಅತಿಥಿಗಳಿಗೆ ಬಿಡುವುದಾದರೆ ಅವರ ಒಂದು ವಾರದಲ್ಲಿ ಹೋಗಿ ಉಳಿದು ನೋಡುವುದು ಇನ್ನೂ ಒಳ್ಳೆಯದು.

ಹಣ ಹೂಡಿ, ಉಳಿಯದಿದ್ದರೆ ಬಡ್ಡಿ ಸೇರಿಸಿ ವಾಪಸ್ ಕೊಡುತ್ತೇವೆ ಎನ್ನುವವರಿಂದ ದೂರ ಇರಿ. ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿ ಹೀಗೆ ‘ರೂಮ್ ನೈಟ್’ ಹೆಸರಿನಲ್ಲಿ ಹಣ ಎತ್ತಿತ್ತು. ಅನುಮತಿ ಇಲ್ಲದ ಸಾಮೂಹಿಕ ಹೂಡಿಕೆ ಇದು ಎಂದು 2016ರಲ್ಲಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 7,000 ಕೋಟಿ ರೂಪಾಯಿಗೂ ಹೆಚ್ಚು ಹಣ ಮರಳಿಸಲು ಆದೇಶಿಸಿತು.

ಬೇಡ ಅನ್ನಿಸಿದರೆ

ಸಹಿ ಹಾಕಿ ಮನೆಗೆ ಬಂದ ರಾತ್ರಿಯೇ ಮನಸ್ಸು ಬದಲಾಗುವುದು ಸಹಜ. ಅನೇಕ ಒಪ್ಪಂದಗಳಲ್ಲಿ 10 ದಿನದೊಳಗೆ ಹಿಂದೆ ಸರಿಯುವ ಅವಕಾಶ ಇರುತ್ತದೆ. ಯುರೋಪ್ ಒಕ್ಕೂಟದಲ್ಲಿ 14 ದಿನ ಎಂದು ಕಾನೂನೇ ಇದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾನೂನಿಲ್ಲ, ಹಾಗಾಗಿ ಒಪ್ಪಂದದ ಆ ಸಾಲೇ ನಿಮ್ಮ ಆಧಾರ. ಫೋನ್ ಮಾಡಿ ಹೇಳಿದರೆ ಸಾಲದು. ಇಮೇಲ್ ಕಳಿಸಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ, ರಸೀದಿ ಇಟ್ಟುಕೊಳ್ಳಿ.

ವರ್ಷಗಳ ಮೇಲೆ ಮಾರುತ್ತೇನೆ ಎಂದು ಹೊರಟರೆ ಕೊಳ್ಳುವವರು ಸಿಗುವುದು ಬಹಳ ಕಷ್ಟ. ಸಿಕ್ಕರೂ ಕೊಟ್ಟ ಬೆಲೆ ಬರುವುದಿಲ್ಲ, ವರ್ಗಾವಣೆ ಶುಲ್ಕ ಬೇರೆ. ‘ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ಇದ್ದಾರೆ, ಮೊದಲು ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ), ಜಿಎಸ್‌ಟಿಗೆ ಇಷ್ಟು ಕಳಿಸಿ’ ಎಂದು ಫೋನ್ ಬಂದರೆ ಅದು ಮೋಸ ಎಂದೇ ತಿಳಿಯಿರಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಂಪನಿಯ ಜೊತೆಗೇ ಜಗಳವಾದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಇದು ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಕಂಪನಿಯ ಕಚೇರಿ ಮುಂಬೈ, ಚೆನ್ನೈ ಎಲ್ಲೇ ಇರಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ‘ಒಪ್ಪಂದದಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಎಂದು ಬರೆದಿದೆ, ಕೋರ್ಟಿಗೆ ಹೋಗುವ ಹಾಗಿಲ್ಲ’ ಎಂದು ಹೆದರಿಸಿದರೆ ಹೆದರಬೇಡಿ. ಆ ಸಾಲು ಗ್ರಾಹಕ ಆಯೋಗಕ್ಕೆ ಅಡ್ಡಿಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ತೊಂದರೆ ಶುರುವಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಒಪ್ಪಂದ, ರಸೀದಿ, ರೂಮ್ ಸಿಗದಾಗ ತೆಗೆದ ಆ್ಯಪ್‌ನ ಸ್ಕ್ರೀನ್‌ಶಾಟ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ.